ನಾಲ್ಕನೆಯ ನಟ್ಟು

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಫ್ಯಾನು ಕಿರ್ರೆಂದರೆ ಊಟದ ತಟ್ಟೆ ಬಿಟ್ಟು ಸ್ಟೂಲು ಹತ್ತುವವನು ನಾನು. ಕಾಲು ಸುಟ್ಟ ಬೆಕ್ಕು ಎಂದು ಹೆಂಡತಿ ಮದುವೆಯಾದ ವರ್ಷವೇ ಹೆಸರಿಟ್ಟಿದ್ದಾಳೆ. ಹಾಗಿರುವಾಗ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ತಂಗಿಯ ಗಂಡ ಫೋನು ಮಾಡಿ, "ಭಾವ, ಕಾರಿಂದು ಆಯಿಲ್ ಸಿಕ್ಕಾಪಟ್ಟೆ ಬಿಸಿ ಆಗ್ತೈತೆ. ಗ್ಯಾರೇಜ್‌ನೋರು ಆಯಿಲ್ ಕೂಲರ್ ಅಂತ ಬೇರೆ ಒಂದು ಹಾಕಿಸ್ಬೇಕು ಅಂತವ್ರೆ," ಎಂದರೆ ನಾನು ಮಾತು ಮುಗಿಯುವವರೆಗೆ ಕಾಯುತ್ತೇನೆಯೇ?

"ಗ್ಯಾರೇಜ್ ಯಾಕೆ? ನಾನೇನ್ ಸತ್ತೋಗಿದೀನಾ? ಶನಿವಾರ ಶೆಟ್ಟಿಹಳ್ಳಿಗೆ, ನಮ್ಮನೆಗೆ ತಗೊಂಡ್ ಬನ್ನಿ," ಎಂದುಬಿಟ್ಟೆ.

ಆ ಕಾರಿನ ವಿಷಯ ಹೇಳಬೇಕು. ಎರಡೇ ಸೀಟು, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಸ್ಟಾರ್ಟ್ ಮಾಡಿದರೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತವೆ. ಬೆಂಗಳೂರಿನ ಯಾರೋ ಶೋಕೀಲಾಲನ ಹತ್ತಿರ ನಮ್ಮ ಭಾವ (ನಾವಿಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುವುದು) ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ಅವರ ಮಂಡಿಯವರೆಲ್ಲ ನಕ್ಕರಂತೆ. "ಒಂದು ಮೂಟೆ ಕೊಬ್ಬರಿನೂ ಹಿಡಿಯಲ್ವಲ್ಲ ಸ್ವಾಮಿ, ಇದ್ಯಾವ್ ಸೀಮೆ ಗಾಡಿ?" ಎಂದರಂತೆ. ಭಾವ ಮಾತ್ರ ಅದನ್ನು ದಿನಾ ಬೆಳಿಗ್ಗೆ ಕರುವಿನ ಹಾಗೆ ಮೈ ಉಜ್ಜಿ ತೊಳೆಯುತ್ತಾರೆ.

ಇನ್ನು ನನ್ನ ಜಂಬಕ್ಕೆ ಕಾರಣವಿತ್ತು. ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಪೈಪುಗಳ ಜೋಡಣೆಯನ್ನು ಪರೀಕ್ಷಿಸುವುದು. ಬೇರೆಯವರು ಬಿಗಿ ಮಾಡಿದ ನಟ್ಟನ್ನು ನೋಡಿ, ಸರಿ ಇದೆ ಅಥವಾ ಇಲ್ಲ ಎನ್ನುವವನು ನಾನು. ಒಂದೊಂದು ನಟ್ಟೂ ಬಿಗಿಯಾದ ಮೇಲೆ ಅದಕ್ಕೆ ಬಣ್ಣದ ಪೆನ್ನಿನಲ್ಲಿ ಒಂದು ಬಿಳಿ ಗೀಟು ಎಳೆಯಬೇಕು. ಗೀಟು ಇದ್ದರೆ ಬಿಗಿಯಾಗಿದೆ ಎಂದು ಅರ್ಥ. ಮಧ್ಯೆ ಯಾರಾದರೂ ಕರೆದರೆ, ಬಂದ ಮೇಲೆ ಆ ನಟ್ಟನ್ನು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಹೊಸದಾಗಿ ಸೇರುವವರಿಗೆ ಇದನ್ನು ಬೈದು ಬೈದು ಕಲಿಸುತ್ತೇನೆ. ಮನೆಯಲ್ಲೂ ಊಟಕ್ಕೆ ಕೂತಾಗ ಇದೇ ಪುರಾಣ.

ಶನಿವಾರ ಗಂಡ ಹೆಂಡತಿ ಇಬ್ಬರೂ ಬಂದರು. ರಾತ್ರಿ ನಮ್ಮಲ್ಲೇ ಇದ್ದು, ಭಾನುವಾರ ಹುತ್ರಿದುರ್ಗದಲ್ಲಿರುವ ಭಾವನ ಚಿಕ್ಕಪ್ಪನ ಮನೆಗೆ ಊಟಕ್ಕೆ ಹೋಗುವುದು ಎಂದು ಮಾತಾಗಿತ್ತು. ಭಾವ ಒಳಗೆ ಟೀವಿ ಮುಂದೆ ಕೂತರು. ನಾನು ಗೇಟಿನ ಮುಂದೆ ಕಾರನ್ನು ಜಾಕಿ ಹಾಕಿ ಎತ್ತಿ ಮುಂದಿನ ಬಂಪರ್ ಬಿಚ್ಚಿದೆ. ಕೆಲಸ ಕೇಳಲಿಕ್ಕೆ ಸುಲಭ. ಸ್ಲೇಟಿನಷ್ಟಗಲದ ಕೂಲರ್ ಅನ್ನು ಕಾರಿನ ಮೂತಿಯ ಹಿಂದೆ, ಗಾಳಿ ಬಡಿಯುವ ಕಡೆ ಕೂರಿಸಬೇಕು. ಎಂಜಿನ್ನಿನಿಂದ ಬಿಸಿ ಎಣ್ಣೆ ಒಂದು ಪೈಪಿನಲ್ಲಿ ಅದಕ್ಕೆ ಬಂದು, ಆರಿಕೊಂಡು, ಇನ್ನೊಂದು ಪೈಪಿನಲ್ಲಿ ವಾಪಸ್ಸು ಹೋಗಬೇಕು. ಎರಡು ಪೈಪು, ನಾಲ್ಕು ತುದಿ, ನಾಲ್ಕು ನಟ್ಟು. ಅಷ್ಟೇ.

ತಂಗಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಅಣ್ಣ, ಆ ಪೈಪು ತಿರುಚ್ಕೊಂಡಂಗಿದೆ ಅಲ್ವಾ?" ಎಂದಳು.

"ನಿಂಗ್ಯಾಕೆ ಇದೆಲ್ಲ? ಒಳಗೆ ಹೋಗಿ ಕಾಫಿ ಮಾಡು ಹೋಗು," ಎಂದೆ.

ಅವಳು ಎದ್ದು ಹೋದಳು. ಹೋದ ಮೇಲೆ ಬಗ್ಗಿ ನೋಡಿದೆ. ಪೈಪು ತಿರುಚಿಕೊಂಡೇ ಇತ್ತು. ಸದ್ದಿಲ್ಲದೆ ಸರಿಮಾಡಿದೆ.

ಮೂರು ನಟ್ಟು ಮುಗಿಸಿ ಮೂರಕ್ಕೂ ಗೀಟು ಎಳೆದು, ನಾಲ್ಕನೆಯದಕ್ಕೆ ಕೈ ಹಾಕಿದ್ದೆ. ಆಗ ಬಂದರು ಪಕ್ಕದ ಮನೆಯವರು, ಕೈ ಹಿಂದೆ ಕಟ್ಟಿಕೊಂಡು.

"ಏನ್ಸಾರ್ ಇದು, ಲೀಟರ್‌ಗೆ ಎಷ್ಟು ಕೊಡುತ್ತೆ?"

ನಾನು ಸ್ಪ್ಯಾನರ್ ಎತ್ತಿಕೊಂಡೆ. "ಅಲ್ಲ, ರೋಡೆಲ್ಲ ಎಣ್ಣೆ ಮಾಡಿದೀರಲ್ಲ, ನಮ್ ಮನೆ ಹೆಂಗಸ್ರು ರಂಗೋಲಿ ಎಲ್ಲಿಡ್ಬೇಕು?" ಎಂದರು. ಬಿತ್ತಲ್ಲ ಬೆಂಕಿ! ಸ್ಪ್ಯಾನರ್ ಹಿಡಿದುಕೊಂಡೇ ಎದ್ದೆ. ಅವರ ಮನೆ ಟ್ಯಾಂಕಿನ ನೀರು ನಮ್ಮ ಗೋಡೆಗೆ ಇಳಿಯುವುದರಿಂದ ಹಿಡಿದು ಎಲ್ಲವನ್ನೂ ಎತ್ತಿ ಆಡಿದೆ. ಹೆಂಡತಿ ಬಂದು ನನ್ನನ್ನು ಒಳಗೆ ಎಳೆದುಕೊಂಡು ಹೋಗಬೇಕಾಯಿತು. ತಿರುಗಿ ಬರುವಷ್ಟರಲ್ಲಿ ಬೆಳಕು ಇಳಿಯುತ್ತಿತ್ತು. ತಲೆ ಧಗಧಗ ಎನ್ನುತ್ತಲೇ ಬಂಪರ್ ಹಾಕಿ, ಎಣ್ಣೆ ತುಂಬಿ, ಐದು ನಿಮಿಷ ಎಂಜಿನ್ ಓಡಿಸಿದೆ. ಒಂದು ತೊಟ್ಟು ಸೋರಲಿಲ್ಲ.

"ನೋಡಿ ಭಾವ, ನನ್ನ ಕೈಲಿ ಹೆಲಿಕಾಪ್ಟರೇ ಹಾರುತ್ತೆ, ಇದು ಓಡಲ್ವಾ?" ಎಂದು ಮೀಸೆ ತಿರುವಿದೆ. ಭಾವ ಕೈ ಮುಗಿದರು.

ಭಾನುವಾರ ಒಂಬತ್ತಕ್ಕೆ ಇಬ್ಬರೂ ಹೊರಟರು. ನಾನು ಪೂಜೆ, ತಿಂಡಿ ಎಲ್ಲ ಮುಗಿಸಿಕೊಂಡಿದ್ದೆ. ಕಾರು ತಿರುವು ದಾಟಿದ್ದೇ, ಸಾಮಾನು ಎತ್ತಿಡೋಣ ಎಂದು ಬಂದೆ. ಬಣ್ಣದ ಪೆನ್ನು ಡಬ್ಬಿಯಲ್ಲಿರಲಿಲ್ಲ. ಹುಡುಕಿದರೆ ಕಾಂಪೌಂಡಿನ ಮೇಲೆ, ನಿನ್ನೆ ನಾನು ಪಕ್ಕದ ಮನೆಯವರ ಮೇಲೆ ಎಗರಾಡುತ್ತಾ ನಿಂತಿದ್ದ ಜಾಗದಲ್ಲೇ ಬಿದ್ದಿತ್ತು. ಜಗಳಕ್ಕೆ ಎದ್ದಾಗ ಇಟ್ಟಿದ್ದು. ಆಮೇಲೆ ನಾನು ಅದನ್ನು ಕೈಗೆ ತೆಗೆದುಕೊಂಡೇ ಇಲ್ಲ.

ಅಂದರೆ ನಾಲ್ಕನೆಯದಕ್ಕೆ ಗೀಟು ಎಳೆದಿಲ್ಲ. ಬಿಗಿ ಮಾಡಿದೆನೋ ಇಲ್ಲವೋ? ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಪಕ್ಕದ ಮನೆಯವರ ಮುಖ ನೆನಪಾಗುತ್ತಿದೆ, ಅವರ ಬನಿಯನ್ನಿನ ತೂತು ನೆನಪಾಗುತ್ತಿದೆ, ನಟ್ಟು ಮಾತ್ರ ನೆನಪಾಗುತ್ತಿಲ್ಲ. 

ನಿನ್ನೆ ಸೋರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಎಣ್ಣೆ ಚೆನ್ನಾಗಿ ಕಾಯುವವರೆಗೆ ಅದನ್ನು ಕೂಲರ್ ಕಡೆಗೆ ಬಿಡದ ಹಾಗೆ ಒಳಗೊಂದು ಸಣ್ಣ ವಾಲ್ವ್ ತಡೆಯುತ್ತದೆ. ಐದು ನಿಮಿಷಕ್ಕೆ ಅದು ತೆರೆಯುವುದಿಲ್ಲ. ಅದು ತೆರೆಯುವುದು ಕಾರು ಹೆಬ್ಬೂರು ದಾಟಿ ಕುಣಿಗಲ್ ಕಡೆ ಓಡುವಾಗ. ನಟ್ಟು ಸಡಿಲವಿದ್ದರೆ ಆಗ ಕಿತ್ತುಕೊಂಡು ಬರುತ್ತದೆ. ಕಾದ ಎಣ್ಣೆ ಸೈಲೆನ್ಸರ್ ಪೈಪಿಗೆ ಎರಚಿದರೆ ಬೆಂಕಿ. ಆ ಕಾರಿನಲ್ಲಿ ನನ್ನ ತಂಗಿ ಕೂತಿದ್ದಾಳೆ.

ತಂಗಿಗೆ ಫೋನು ಮಾಡಿದೆ. ತೆಗೆಯಲಿಲ್ಲ. ಭಾವನಿಗೆ ಮಾಡಿದೆ. ತೆಗೆಯಲಿಲ್ಲ. ಆ ಕಾರಿನ ಗಲಾಟೆಯಲ್ಲಿ ತಮಟೆ ಹೊಡೆದರೂ ಕೇಳಿಸುವುದಿಲ್ಲ, ಇನ್ನು ಫೋನು ಎಲ್ಲಿಂದ ಕೇಳಿಸಬೇಕು! ಚಿಕ್ಕಪ್ಪನ ಮನೆಯವರ ನಂಬರ್ ನಮ್ಮಲ್ಲಿರಲಿಲ್ಲ. ಹೆಂಡತಿಗೆ, "ಮಾಡ್ತಾನೇ ಇರು, ಸಿಕ್ಕಿದ್ರೆ ಗಾಡಿ ನಿಲ್ಸು ಅನ್ನು," ಎಂದು ಹೇಳಿ ಸ್ಕೂಟರ್ ಎತ್ತಿದೆ.

ಕುಣಿಗಲ್ ರಸ್ತೆಯಲ್ಲಿ ಅಷ್ಟೊಂದು ಎಣ್ಣೆಯ ಕಲೆಗಳಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಒಂದೊಂದು ಕಪ್ಪು ಕಲೆ ಕಂಡಾಗಲೂ ಅದೇ ಕೆಲಸ: ಸ್ಕೂಟರ್ ನಿಲ್ಲಿಸುವುದು, ಬಗ್ಗಿ ಬೆರಳಿಂದ ಮುಟ್ಟುವುದು, ಮೂಸುವುದು, ಹಳೆಯದು ಎಂದು ಗೊತ್ತಾದರೆ ಮತ್ತೆ ಹತ್ತುವುದು. ಹೆಬ್ಬೂರಿನ ಹತ್ತಿರ ಹಸುವಿನ ಹಗ್ಗ ಹಿಡಿದು ನಿಂತಿದ್ದ ಅಜ್ಜ ಒಬ್ಬರು ನನ್ನನ್ನು ಬಹಳ ಹೊತ್ತು ನೋಡಿ, "ಏನ್ ಬೀಳಿಸ್ಕೊಂಡ್ರಪ್ಪಾ? ಉಂಗ್ರನಾ?" ಎಂದರು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಸ್ಕೂಟರ್ ಹತ್ತಿದೆ.

ಕುಣಿಗಲ್‌ನಲ್ಲಿ ಟೀ ಅಂಗಡಿಯವನನ್ನು ಕೇಳಿದೆ. "ಕೆಂಪು ಕಾರು ತಾನೆ? ಓ, ಈಗ್ ಹೋಯ್ತು. ಹಣ್ಣಿನಂಗಡಿ ಮುಂದೆ ಅರ್ಧ ಗಂಟೆ ನಿಂತಿತ್ತು. ಜನ ಎಲ್ಲ ಸೆಲ್ಫಿ ತಗೊಂಡ್ರು," ಎಂದ. ಅಂಗಡಿ ಮುಂದೆ ಹೋಗಿ ನೆಲ ನೋಡಿದೆ. ಎಣ್ಣೆ ಬಿದ್ದಿರಲಿಲ್ಲ. ಸದ್ಯ ಎಂದುಕೊಂಡರೂ, ಸೋರುವ ಸಮಯ ಇನ್ನೂ ಬಂದಿಲ್ಲದಿದ್ದರೆ ಎಂಬ ಯೋಚನೆ ಅದರ ಹಿಂದೆಯೇ ಬಂತು. ಇನ್ನು ಮುಂದೆ ಏರು ರಸ್ತೆ. ಅಯ್ಯೋ ಶಿವನೇ, ಅವಳೊಬ್ಬಳನ್ನು ಉಳಿಸು, ಬೇಕಾದರೆ ಕಾರು ಸುಟ್ಟು ಬೂದಿಯಾಗಲಿ ಎಂದು ಬಾಯಿಬಿಟ್ಟೇ ಬೇಡಿಕೊಂಡೆ.

ಹುತ್ರಿದುರ್ಗದ ಕಡೆ ತಿರುಗಿ ಸ್ವಲ್ಪ ದೂರ ಹೋದ ಮೇಲೆ ಕೆಂಪು ಬಣ್ಣ ಕಾಣಿಸಿತು. ಕಾರು ರಸ್ತೆ ಮಧ್ಯೆ ನಿಂತಿತ್ತು. ಪಕ್ಕದಲ್ಲಿ ನಾಲ್ಕೈದು ಜನ ಗುಂಪು. ಸ್ಕೂಟರ್ ಅನ್ನು ಹಾಗೇ ಕೆಡವಿ ಓಡಿದೆ.

ಏನೂ ಆಗಿರಲಿಲ್ಲ. ಟಾರು ರಸ್ತೆಯ ಅಗಲಕ್ಕೂ ಹುರುಳಿ ಹರಡಿದ್ದರು. ಓಡಾಡುವ ಬಸ್ಸು, ಲಾರಿ ತುಳಿದು ಕಾಳು ಉದುರಲಿ ಎಂದು ನಮ್ಮ ಕಡೆ ಹೀಗೆ ಹಾಕುವುದು ಮಾಮೂಲು. ಬೇರೆ ಗಾಡಿಗಳು ಮೇಲೆಯೇ ಹೋಗುತ್ತವೆ. ಈ ಕಾರಿನ ಹೊಟ್ಟೆಗೆ ಒಣ ಸೊಪ್ಪು ಸಿಕ್ಕಿಕೊಂಡು ಬಿಸಿಗೆ ಹತ್ತಿಕೊಂಡರೆ ಎಂದು ಭಾವ ಹೆದರಿ ನಿಲ್ಲಿಸಿದ್ದರು. ಹೊಲದ ಯಜಮಾನಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹುರುಳಿಯನ್ನು ಪಕ್ಕಕ್ಕೆ ಎಳೆಯುತ್ತಾ, "ನೆಲ ನೆಕ್ಕೋ ಕಾರ್ ಇಟ್ಕೊಂಡು ಈ ಕಡೆ ಯಾಕ್ ಬಂದ್ರವ್ವ," ಎಂದು ಗೊಣಗುತ್ತಿದ್ದರು. ನನ್ನ ತಂಗಿ ಅವರ ಜೊತೆ ಸೇರಿಕೊಂಡು ಎಳೆಯುತ್ತಿದ್ದಳು.

"ಯಾಕ್ ಭಾವ? ಇಷ್ಟ್ ದೂರ ಬಂದ್ಬುಟ್ರಿ, ಏನಾಯ್ತು?" ಭಾವ ಗಾಬರಿಯಾದರು.

ನಾನು ಕಾರಿನ ಮುಂದೆ ಮಂಡಿಯೂರಿ, ನಂಬರ್ ಪ್ಲೇಟಿನ ಕೆಳಗಿಂದ ಇಣುಕಿದೆ. ನಾಲ್ಕನೆಯ ನಟ್ಟು ಒಣಗಿಕೊಂಡಿತ್ತು, ಬೆರಳಿಗೆ ಎಣ್ಣೆಯ ಪಸೆಯೂ ತಾಗಲಿಲ್ಲ. ಅದರ ಮೇಲೆ ಗೀಟೂ ಇತ್ತು. ಆದರೆ ಬಿಳಿಯದಲ್ಲ, ಕಡು ಕೆಂಪಿನದು. ನೈಲ್ ಪಾಲಿಶ್.

ತಲೆ ಎತ್ತಿ ತಂಗಿಯನ್ನು ನೋಡಿದೆ. ಅವಳು ಬೆರಳುಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ಗಂಡನ ಕಡೆ ತಿರುಗಿ, "ಅಣ್ಣನ್ನ ಊಟಕ್ಕೆ ನಾನೇ ಕರ್ದಿದ್ದೆ ಕಣ್ರೀ, ಹೇಳೋಕೆ ಮರ್ತೆ," ಎಂದಳು.

ನನ್ನ ಬುದ್ಧಿ ನೋಡಿ. ಜೀವ ಉಳಿದ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಅವಳನ್ನು ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ, "ಯಾರೇ ನಿಂಗೆ ಅದನ್ನ ಮುಟ್ಟು ಅಂದಿದ್ದು?" ಎಂದೆ.

"ಬೆಳಿಗ್ಗೆ ನೀನು ಪೂಜೆಗೆ ಕೂತಿದ್ದಾಗ ಸುಮ್ನೆ ಕೆಳಗಿಂದ ಬಗ್ಗಿ ನೋಡ್ದೆ. ಮೂರಕ್ಕೆ ಗೀಟಿತ್ತು, ಒಂದಕ್ಕಿರ್ಲಿಲ್ಲ. ಬೆರಳಲ್ಲಿ ತಿರುಗ್ಸಿದ್ರೆ ತಿರುಗ್ತು. ನಿನ್ ಡಬ್ಬಿಯಿಂದ ಸ್ಪ್ಯಾನರ್ ತಗೊಂಡು ಬಿಗಿ ಮಾಡ್ದೆ."

"ನಂಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ಕೇಳೋನಾ ನೀನು? ಇವರ ಮುಂದೆ ಬೇರೆ ನಿನ್ ಮರ್ಯಾದೆ ಯಾಕೆ ಅಂತ ಸುಮ್ನಾದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ವಾಸಿಯಿತ್ತು, ನಾನೂ ನಾಲ್ಕು ಮಾತು ಬೈಯಬಹುದಿತ್ತು. ನನ್ನೊಳಗೆ ಬೇರೆಯದೇ ಒಂದು ಮೇಲೆದ್ದು ಬಂತು. ಅಪ್ಪ ತೀರಿಕೊಂಡು ವರ್ಷ ತುಂಬಿದಾಗ ಇವಳು ಪಾಲಿಟೆಕ್ನಿಕ್‌ನಿಂದ ಮೆಕ್ಯಾನಿಕಲ್ ಡಿಪ್ಲೊಮಾದ ಅರ್ಜಿ ತಂದಿದ್ದಳು. ಮನೆಗೆ ದೊಡ್ಡವನಾಗಿ ನಾನು ಸೈನ್ ಹಾಕಬೇಕಿತ್ತು. "ಮೈಗೆಲ್ಲ ಗ್ರೀಸ್ ಮೆತ್ಕೊಂಡು ಬರೋಳನ್ನ ಯಾವನ್ ಕಟ್ಕೋತಾನೆ?" ಎಂದು ನಕ್ಕು ಅರ್ಜಿಯನ್ನು ಟೀವಿ ಮೇಲೆ ಎಸೆದಿದ್ದೆ. ಅವಳು ತಿರುಗಿ ಕೇಳಲಿಲ್ಲ. ಬಿ.ಎ.ಗೆ ಸೇರಿಸಿದೆ, ಸೇರಿದಳು. ಅವಳಿಗೂ ಅಷ್ಟೇನೂ ಆಸೆ ಇರಲಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ.

ರಸ್ತೆಯಲ್ಲಿ ಭಾವ ಹೊಲದ ಯಜಮಾನಿಗೆ ಕೇಳಿಸುವ ಹಾಗೆ, "ಇದು ನಮ್ ಭಾವ ಕೈಯಾರೆ ಕೂರಿಸಿದ್ ಕೂಲರ್ ಕಣಮ್ಮ. ಇಷ್ಟ್ ದೂರ ಓಡ್ಸಿದೀನಿ, ಒಂದ್ ತೊಟ್ಟು ಸೋರಿಲ್ಲ, ಬಿಸಿನೂ ಏರಿಲ್ಲ," ಎಂದು ಕೊಚ್ಚಿಕೊಳ್ಳುತ್ತಿದ್ದರು. ತಂಗಿ ಹೌದೆನ್ನುವಂತೆ ತಲೆಯಾಡಿಸಿದಳು.

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಹೊಗಳಿಕೆ ಕಿವಿಗೆ ಕಾದ ಎಣ್ಣೆಯ ಹಾಗೆ ಬೀಳುತ್ತಿತ್ತು, ತಡೆಯಲಾಗಲಿಲ್ಲ.

"ಸೋರ್ತಿತ್ತು ಭಾವ," ಎಂದೆ. "ಒಂದು ನಟ್ಟು ನಾನು ಬಿಗಿ ಮಾಡೇ ಇರ್ಲಿಲ್ಲ. ಜಗಳ ಆಡ್ಕೊಂಡು ಮರ್ತೆ. ಬೆಂಕಿ ಹತ್ತಿ ನೀವಿಬ್ರೂ ಹೋಗ್ಬಿಡ್ತಿದ್ರಿ. ನೋಡಿ ಬಿಗಿ ಮಾಡಿದ್ದು ಇವಳು. ಡಿಪ್ಲೊಮಾ ಓದ್ತೀನಿ ಅಂದವಳನ್ನ ಬೇಡ ಅಂತ ಕೂರಿಸಿದೋನು ನಾನು."

ಭಾವ ನನ್ನನ್ನೂ ಹೆಂಡತಿಯನ್ನೂ ಮಿಕಮಿಕ ನೋಡಿದರು. ಯಜಮಾನಿಯ ಕೈ ಹುರುಳಿಯ ಮೇಲೇ ನಿಂತಿತು. ತಂಗಿ ಅಳುತ್ತಾಳೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಸೀರೆಗೆ ಅಂಟಿದ್ದ ಹುರುಳಿ ಸೊಪ್ಪನ್ನು ಒಂದೊಂದಾಗಿ ಕೀಳುತ್ತಾ ಹೇಳಿದಳು:

"ಆ ಅರ್ಜಿ ಕೊಡೋಕೆ ಸೋಮವಾರ ಕೊನೇ ದಿನ ಇತ್ತಣ್ಣ. ಐದು ಗಂಟೆಗೆ ಪಾಲಿಟೆಕ್ನಿಕ್ ಆಫೀಸ್ ಮುಚ್ಚೋವರೆಗೂ ಅದರ ಬಾಗಿಲಲ್ಲೇ ನಿಂತಿದ್ದೆ. ನೀನು ಮನಸ್ ಬದಲಾಯಿಸ್ಕೊಂಡು, ಅರ್ಜಿಗೆ ಸೈನ್ ಹಾಕಿ, ಸೈಕಲ್ ತಗೊಂಡು ಬರ್ತೀಯ ಅಂತ."

ಹೇಳಿ, ಕಾರಿನ ಬಾಗಿಲು ತೆಗೆದು ಒಳಗೆ ಕೂತಳು.