ಬಂಡೆಯ ಮೇಲಿನ ಒದ್ದೆ ಕಲ್ಲು

...ಅಥವಾ ಕಲ್ಲುಗಳು ಎರಡೇ ಇದ್ದವೋ ಏನೋ. ಇದನ್ನು ಬರೆಯಲು ಕೂತಾಗಲೆಲ್ಲ ನಾನು ತಡೆದು ನಿಲ್ಲುವುದು ಇಲ್ಲೇ. ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ. ಮೊದಲ ಸಲ ಹೇಳಿದಾಗ ಇಲ್ಲದ ಒಂದು ಹದ್ದು ಈಗ ಹೊಳೆಯ ಮೇಲೆ ಸುತ್ತು ಹಾಕುತ್ತಿರುತ್ತದೆ. ಆ ಹದ್ದು ನನ್ನದು, ಆ ದಿನದ್ದಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ. ಉಳಿದದ್ದರಲ್ಲೂ ಎಷ್ಟು ನನ್ನದು ಎಂಬುದಕ್ಕೆ ಖಾತರಿಯಿಲ್ಲ.

ನಾನು ಕೊಳ್ಳೇಗಾಲದವನು ಎಂದ ಕೂಡಲೇ ಹೊರಗಿನವರು ಮಾಟಮಂತ್ರದ ಮಾತು ತೆಗೆಯುತ್ತಾರೆ. ಅದರಿಂದಲೇ ಇರಬೇಕು, ಚಿಕ್ಕಂದಿನಿಂದ ನನಗೆ ಇಂಥ ಸಂಗತಿಗಳ ಮೇಲೆ ಸಿಟ್ಟು. ನಮ್ಮದು ರೇಷ್ಮೆ ಮಗ್ಗದ ಮನೆ. ಹಾಸಿನಲ್ಲಿ ಒಂದೆಳೆ ಹರಿದರೂ ಎಲ್ಲಿ ಹರಿಯಿತು, ಯಾಕೆ ಹರಿಯಿತು ಎಂದು ಹುಡುಕಿ ಗಂಟು ಹಾಕುವವರು ನಾವು. ಕಾರಣವಿಲ್ಲದೆ ಯಾವುದೂ ಹರಿಯುವುದಿಲ್ಲ ಎಂದು ನಂಬಿದ್ದೆ.

ಆ ದಿನ ನನ್ನ ಜೊತೆಗಿದ್ದವನು ನಾಗೇಂದ್ರ. ಯಳಂದೂರು ಕಡೆಯ ಹೊನ್ನೂರಿನವನು, ಕಾಲೇಜಿನಿಂದ ಗೆಳೆಯ. ಕಬಿನಿ ನಾಲೆಯಲ್ಲಿ ಈಜು ಕಲಿತು, ಎಷ್ಟೋ ದೂರದ ದ್ವೀಪವೊಂದರಲ್ಲಿ ಪ್ರವಾಸಿಗರನ್ನು ಸಮುದ್ರಕ್ಕೆ ಇಳಿಸುವ ಕೆಲಸಕ್ಕೆ ಸೇರಿದ್ದ. ನೀರಿಗಿಳಿದವರನ್ನು ಕಾಯುವುದು ಅವನ ಪಾಲಿನ ಕೆಲಸ. ಅಲ್ಲಿ ಶಾರ್ಕ್‌ಗಳಿದ್ದವು. ಬಹುಪಾಲು ಮನುಷ್ಯರ ತಂಟೆಗೆ ಬರುವುದಿಲ್ಲ ಎನ್ನುತ್ತಿದ್ದ. ಆದರೂ ನಿಯಮಗಳಿದ್ದವು: ಒಬ್ಬರೇ ಇಳಿಯಬಾರದು, ಹೊತ್ತು ಮುಳುಗುವಾಗ ಇಳಿಯಬಾರದು, ಮೈಮೇಲೆ ಹಸಿ ಗಾಯವಿರಬಾರದು, ಹೊಳೆಯುವ ವಾಚು ಉಂಗುರ ತೆಗೆದಿಡಬೇಕು, ಏಕೆಂದರೆ ಶಾರ್ಕ್‌ಗೆ ಅವು ಮೀನಿನ ಮೈಯಂತೆ ಕಾಣುತ್ತವೆ. ಎದುರಿಗೇ ಬಂದರೆ ಕೈಕಾಲು ಬಡಿಯದೆ, ಅದರ ಕಡೆಗೇ ಮುಖವಿಟ್ಟು, ನಿಧಾನವಾಗಿ ಹಿಂದೆ ಸರಿಯಬೇಕು.

ಒಂದು ಸಂಜೆ ಅವನು ಎಲ್ಲರನ್ನೂ ದಡಕ್ಕೆ ಕರೆತಂದ ಮೇಲೆ ಒಬ್ಬ ಮತ್ತೆ ನೀರಿಗಿಳಿದ. ನಾಗೇಂದ್ರ ನೋಡಲಿಲ್ಲ. ಕೂಗು ಕೇಳಿ ಹಾರಿ ಎಳೆದು ತಂದ. ಶಾರ್ಕ್ ತೊಡೆಯನ್ನು ಕಚ್ಚಿ ಹರಿದಿತ್ತು. ಆಸ್ಪತ್ರೆ ತಲುಪುವ ಮೊದಲೇ ಆ ಮನುಷ್ಯ ದೋಣಿಯಲ್ಲಿ ತೀರಿಕೊಂಡ. ರಜೆ ಹಾಕಿ ಊರಿಗೆ ಬಂದ ನಾಗೇಂದ್ರ ಎರಡು ತಿಂಗಳಾದರೂ ನಾಲೆಯ ಹತ್ತಿರವೂ ಸುಳಿದಿರಲಿಲ್ಲ. ಮುಂದಿನ ವಾರ ಅವನು ಕೆಲಸಕ್ಕೆ ಹೊರಡಬೇಕಿತ್ತು.

"ಒಂದ್ಸಲ ನೀರಿಗೆ ಬೀಳ್ಬೇಕು ಕಣ್ಲಾ. ಆಗ್ನಿಲ್ಲ ಅಂದ್ರೆ ಅಲ್ಲಿಗ್ ಓಗಿ ಏನ್ ಮಾಡ್ಲಿ? ಬೇರೆಯೋರ ಜೀವ ಕಾಯೋ ಕೆಲ್ಸ ಅದು" ಎಂದ.

ನಾವು ಬೈಕಿನಲ್ಲಿ ಹನೂರು, ಅಜ್ಜೀಪುರ ದಾಟಿ, ಬೆಟ್ಟ ಹತ್ತಿ ಇಳಿದು ಗೋಪಿನಾಥಂ ಮುಟ್ಟಿ, ಅಲ್ಲಿಂದ ಕಾವೇರಿ ಕಡೆಗೆ ಹೋದೆವು. ನಡುಹಗಲು. ದಡದಲ್ಲಿ ಮೊಸಳೆಗಳಿವೆ, ಈಜಬಾರದು ಎಂಬ ಫಲಕ ಇತ್ತು. ನಾಗೇಂದ್ರ ಅದನ್ನು ಓದಿ ನಕ್ಕ. ಊರಿಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು, ಹಾಗಾಗಿ ನಾನು ಬೇಡ ಅನ್ನಲಿಲ್ಲ. ತಪ್ಪು ಅಲ್ಲಿಂದಲೇ ಶುರುವಾಯಿತು.

ದಡದಲ್ಲಿ ಮುನುಸ್ವಾಮಿ ಎಂಬ ಮೀನುಗಾರ ತೆಪ್ಪಕ್ಕೆ ಟಾರು ಬಳಿಯುತ್ತಿದ್ದ. ಹೆಂಡತಿ ಪೊನ್ನಮ್ಮ ಬಲೆ ಹೊಲಿಯುತ್ತ ಕೂತಿದ್ದಳು. ನಾವು ಅಂಗಿ ಬಿಚ್ಚುವುದನ್ನು ಕಂಡು ಆಕೆ, "ಬೋಲ್ಡು ಓದಕ್ ಬರಾಕಿಲ್ವಾ ಸಾ ನಿಮ್ಗೆ? ಓದಿರೋರ್ ತರ ಕಾಣ್ತೀರಿ" ಎಂದಳು.

"ನಾನು ಶಾರ್ಕ್ ಜೊತೇಲಿ ಈಜಿರೋನು ಕಣಮ್ಮ" ಎಂದ ನಾಗೇಂದ್ರ.

"ಅದ್ಯಾರೋ ನಂಗೊತ್ತಿಲ್ಲ. ಇಲ್ಲಿರೋದು ಮೊಸ್ಳೆ" ಎಂದಳು.

ನಾವು ಕೇಳುವವರಲ್ಲ ಎಂದು ತಿಳಿದ ಮುನುಸ್ವಾಮಿ, ಸರಿ, ಕಲ್ಲಿಟ್ಟಾದರೂ ಹೋಗಿ ಎಂದ. ಅದು ಅವರ ರೂಢಿ. ನೀರಿಗಿಳಿಯುವ ಪ್ರತಿಯೊಬ್ಬರೂ ದಡದಿಂದ ಒಂದು ಕಲ್ಲು ಆರಿಸಿ ಅಲ್ಲಿನ ಚಪ್ಪಟೆ ಬಂಡೆಯ ಮೇಲೆ ಇಡಬೇಕು. ಹತ್ತಿ ಬಂದ ಮೇಲೆ ತನ್ನ ಕಲ್ಲನ್ನು ತಾನೇ ಹೊಳೆಗೆ ಎಸೆಯಬೇಕು. ಬಂಡೆಯ ಮೇಲೆ ಕಲ್ಲಿದ್ದರೆ ಯಾರೋ ನೀರಿನಲ್ಲಿದ್ದಾರೆ ಎಂದರ್ಥ. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ನಾಗೇಂದ್ರ ಒಂದಿಟ್ಟ. ನಾನೊಂದಿಟ್ಟೆ. ಮೊಣಕಾಲುದ್ದ ನೀರಿಗೆ ಹೋದ ಮೇಲೆ ಅವನು ತಿರುಗಿ, "ಲೇ, ವಾಚು!" ಎಂದ. ನಾನು ವಾಪಸು ಬಂದು ವಾಚನ್ನು ಅಂಗಿಯ ಜೇಬಿಗೆ ಹಾಕಿ ಮತ್ತೆ ಇಳಿದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಅವನು ಸೊಂಟದ ನೀರಿನಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ತುಟಿ ಬಿಳಿಚಿತ್ತು. ಆಮೇಲೆ ಒಮ್ಮೆಲೇ ಮುಳುಗಿ ಎದ್ದು ಈಜತೊಡಗಿದ. ನನಗೆ ಅಳುವೇ ಬಂದಿತ್ತು. ಎದುರಿಗೆ ಸಣ್ಣ ನಡುಗಡ್ಡೆ, ಹೊಂಗೆಯೋ ಮತ್ತಿಯೋ ನಾಲ್ಕು ಮರ, ಕೆಳಗೆ ಕಪ್ಪು ನೆರಳು. ಅವನು ಅಲ್ಲಿಗೇ ಹೊರಟಿದ್ದ. ನಾನು ಹಿಂದೆ ದೂರದಲ್ಲಿದ್ದೆ.

ಆಗ ಪೊನ್ನಮ್ಮ ಕೂಗಿದಳು.

"ಸಾ! ವಾಪಸ್ ಬನ್ನಿ! ಮೂರ್ ಕಲ್ಲವೆ ಇಲ್ಲಿ! ಯಾರದು ಇನ್ನೊಬ್ರು?"

ನನಗೆ ಅರ್ಥವಾಗಲಿಲ್ಲ. ಆ ದನಿಗೇ ಹೆದರಿ ತಿರುಗಿದೆ. ನಾಗೇಂದ್ರ ನಡುಗಡ್ಡೆಗೆ ಇನ್ನು ಹತ್ತು ಹದಿನೈದು ಮಾರಿನಷ್ಟು ದೂರದಲ್ಲಿದ್ದವನು ಕೂಗು ಕೇಳಿ ಇತ್ತ ತಿರುಗಿದ. ಸ್ವಲ್ಪ ದೂರ ಬಂದಿದ್ದನಷ್ಟೇ, ಅವನು ಕಾಲಿಡಬೇಕಿದ್ದ ನೆರಳಿನಿಂದ ಮರದ ದಿಮ್ಮಿಯಂಥದೊಂದು ನೀರಿಗೆ ಜಾರಿತು. ಅದು ಮೊದಲ ಸಲ ಹೇಳಿದಾಗ ಎಂಟಡಿ ಇತ್ತು, ಆಮೇಲೆ ಹನ್ನೆರಡಾಯಿತು. ನಿಜ ಹೇಳಬೇಕೆಂದರೆ ನಾನು ಕಂಡದ್ದು ನೀರಿನ ಮೇಲೆ ಎಳೆದ ಒಂದು ಗೆರೆ ಮಾತ್ರ.

ಹಿಂದಿನ ಸದ್ದಿಗೆ ತಿರುಗಿ ನಾಗೇಂದ್ರನೂ ಅದನ್ನು ಕಂಡ. ಕಂಡವನು ನಿಂತುಬಿಟ್ಟ. ಸಮುದ್ರದಲ್ಲಿ ಕಲಿತಂತೆ, ಕೈಕಾಲು ಬಡಿಯದೆ, ಅದರ ಕಡೆಗೇ ಮುಖವಿಟ್ಟು ತೇಲುತ್ತ ನಿಂತ. "ನಿಂತ್ಕಬ್ಯಾಡಿ! ಇದು ನಿಮ್ ಸಮುದ್ರ ಅಲ್ಲ! ಬನ್ನಿ ದಡಕ್ಕೆ!" ಎಂದು ಕಿರುಚುತ್ತ ಮುನುಸ್ವಾಮಿ, ಟಾರು ಆರದ ತೆಪ್ಪವನ್ನೇ ನೀರಿಗೆ ತಳ್ಳಿದ. ಹುಟ್ಟುಗೋಲಿನಿಂದ ನೀರು ಬಡಿಯುತ್ತ ಗೆರೆಗೂ ನಾಗೇಂದ್ರನಿಗೂ ನಡುವೆ ನುಗ್ಗಿ, ಅವನ ಕೂದಲು ಹಿಡಿದು ತೆಪ್ಪದ ಅಂಚಿಗೆ ಎಳೆದುಕೊಂಡ. ಗೆರೆ ಮಾಯವಾಯಿತು.

ದಡ ಹತ್ತಿದಾಗ ಪೊನ್ನಮ್ಮ ನಮ್ಮನ್ನು ನೋಡಲಿಲ್ಲ. ಬಂಡೆಯನ್ನೇ ನೋಡುತ್ತಿದ್ದಳು. ಮೂರು ಕಲ್ಲುಗಳಿದ್ದವು. ಒಂದರ ಸುತ್ತ ಬಂಡೆ ಕಪ್ಪಾಗಿ ನೆಂದಿತ್ತು. ಕಾಲಿಟ್ಟರೆ ಸುಡುವ ಬಂಡೆ ಅದು, ಅಂಗೈಯಷ್ಟು ನೀರು ಚೆಲ್ಲಿದರೆ ಕಣ್ಣೆದುರೇ ಆರುತ್ತಿತ್ತು.

"ನಾನ್ ಬಲೆ ಕಡೆ ನೋಡಿ ತಿರ್ಗೋವಷ್ಟರಲ್ಲಿ ಇತ್ತು. ಈಗ್ ತಾನೇ ನೀರಿಂದ ತಗ್ದ್ ಇಟ್ಟಂಗೆ" ಎಂದಳು. ಯಾರೂ ಬಂದದ್ದನ್ನು ಆಕೆ ಕಂಡಿರಲಿಲ್ಲ. ನಾವು ನೋಡುತ್ತಿದ್ದ ಹಾಗೇ ಅದೂ ಆರಿತು. ಮೂರೂ ಒಂದೇ ಥರ ಕಂಡವು.

"ನಿಮ್ ನಿಮ್ ಕಲ್ಲ ಎತ್ತಾಕಿ ಸಾ" ಎಂದ ಮುನುಸ್ವಾಮಿ. ಎಸೆದೆವು. ಒಂದು ಉಳಿಯಿತು. ಅವನು ಮತ್ತೆ ತೆಪ್ಪ ಏರಿದ. ಯಾರೂ ಇಲ್ಲ ಬಾರಯ್ಯ ಎಂದರೂ ಕೇಳಲಿಲ್ಲ. "ಕಲ್ಲು ಇನ್ನೂ ಅದೆಯಲ್ಲ ಸಾ" ಎಂದಷ್ಟೇ ಹೇಳಿ ಹೊತ್ತಿಳಿಯುವ ತನಕ ಹೊಳೆಯಲ್ಲಿ ಹುಡುಕಿದ. ಆ ದಿನವಾಗಲಿ ಆಮೇಲಾಗಲಿ ಅಲ್ಲಿ ಯಾರೂ ಕಾಣೆಯಾದ ಸುದ್ದಿ ಬರಲಿಲ್ಲ.

ನಾಗೇಂದ್ರ ಮುಂದಿನ ವಾರ ಕೆಲಸಕ್ಕೆ ಹೋದ. ಈಗಲೂ ಅಲ್ಲೇ ಇದ್ದಾನೆ, ನೀರಿಗಿಳಿಯುತ್ತಾನೆ. ಇಳಿಯುವ ಪ್ರತಿಯೊಬ್ಬರ ಕೈಯಿಂದಲೂ ದಡದಲ್ಲಿ ಒಂದು ಕಲ್ಲು ಇಡಿಸುತ್ತಾನಂತೆ. ಮೂರನೆಯದನ್ನು ನೀನೇ ಇಟ್ಟೆಯಾ, ಆ ಸತ್ತವನ ಹೆಸರಿನಲ್ಲಿ, ಎಂದು ಫೋನಿನಲ್ಲಿ ಒಮ್ಮೆ ಕೇಳಿದೆ. "ಮೂರೆಲ್ಲಿತ್ಲಾ? ಎರಡೇ ಇದ್ದಿದ್ದು. ಆಯಮ್ಮ ಮೊಸ್ಳೆ ನೋಡಿ ಕೂಗ್ದಳು" ಎಂದ. ಹಾಗಾದರೆ ಮುನುಸ್ವಾಮಿ ಸಂಜೆವರೆಗೆ ಹುಡುಕಿದ್ದು ಯಾರನ್ನು ಎಂದೆ. "ಒಂದು ಒದ್ದೆ ಆಗಿತ್ತು, ಅಲ್ವಾ?" ಎಂದು ಅವನೇ ಕೇಳಿದ.

ನನಗೆ ಸಿಕ್ಕಿರುವ ಕಾರಣ ಒಂದೇ. ವಾಚು ಇಡಲು ವಾಪಸು ಬಂದಾಗ, ಮತ್ತೆ ಇಳಿಯುವವನು ಮತ್ತೆ ಇಡಬೇಕೇನೋ ಎಂಬ ಗೊಂದಲದಲ್ಲಿ, ಒದ್ದೆ ಕೈಯಲ್ಲಿ ನಾನೇ ಇನ್ನೊಂದು ಕಲ್ಲನ್ನು ಇಟ್ಟಿರಬಹುದು. ಹಾಗೆ ಇಟ್ಟ ನೆನಪಿಲ್ಲ. ಇಟ್ಟಿದ್ದರೂ ಅಷ್ಟು ಹೊತ್ತು ಆ ಬಿಸಿಲಿನಲ್ಲಿ ಅದು ಹೇಗೆ ಒದ್ದೆಯಾಗಿ ಉಳಿಯಿತೋ ತಿಳಿಯದು. ಆದರೂ ಈ ಗಂಟನ್ನೇ ಹಾಕಿ ಮುಗಿಸಿಬಿಡಬಹುದಿತ್ತು, ಒಂದು ಸಂಗತಿ ಇರದಿದ್ದರೆ. ನಾನು ಎಸೆದದ್ದು ಒಂದೇ ಕಲ್ಲು. ನಾನಿಟ್ಟದ್ದು ಎರಡಾಗಿದ್ದರೆ ಅಲ್ಲಿ ಉಳಿದದ್ದು ನನ್ನದು. ಮೂರನೆಯದು ಬೇರೆ ಯಾರೋ ಇಟ್ಟದ್ದಾಗಿದ್ದರೆ, ಗಾಬರಿಯಲ್ಲಿ ಅವರದನ್ನೇ ಎತ್ತಿ ನನ್ನದನ್ನು ಬಿಟ್ಟು ಬಂದಿರಬಹುದು. ಎಸೆಯುವಾಗ ಅಂಗೈ ತಣ್ಣಗಿತ್ತು. ಅದು ಕಲ್ಲಿನ ತಂಪೋ ನನ್ನ ಕೈಯದೋ ಗೊತ್ತಿಲ್ಲ.

ಹೋದ ವರ್ಷ ಗೋಪಿನಾಥಂ ದಾರಿಯ ಬೆಟ್ಟದ ದೇವಸ್ಥಾನಕ್ಕೆ ಹೋದಾಗ ಪೊನ್ನಮ್ಮ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಆ ಕಲ್ಲು ಹಾಗೇ ಇದೆ, ಹೊಳೆ ಏರಿದಾಗಲೂ ಹೋಗಲಿಲ್ಲ, ನಾವ್ಯಾರೂ ಮುಟ್ಟಿಲ್ಲ ಎಂದಳು. "ನಿಮ್ದೇನಾ ಸಾ ಅದು?" ಎಂದು ಕೇಳಿದಳು. ತಮಾಷೆಯ ದನಿಯಲ್ಲ. ಅವರ ರೂಢಿಯ ಪ್ರಕಾರ ಅದರ ಒಡೆಯ ಇನ್ನೂ ನೀರಿನಲ್ಲಿದ್ದಾನೆ.

ನನಗೆ ಗೊತ್ತಿಲ್ಲ ಎಂದೆ. ಈಗಲೂ ಗೊತ್ತಿಲ್ಲ.