ಬ್ರೇಕಿಗೆ ಕೀಲೆಣ್ಣೆ

ದೆವ್ವವೂ ಇಲ್ಲ, ಯಾರ ಕಣ್ಣೂ ಬಿದ್ದಿರಲಿಲ್ಲ. ನಮ್ಮ ಮಾವ ಮೋಟಾರಿನ ಬ್ರೇಕಿಗೆ ಎಣ್ಣೆ ಹಚ್ಚಿದರು, ಅದು ನಿಲ್ಲಲಿಲ್ಲ. ಆದದ್ದು ಇಷ್ಟೇ. ಕೆರೆ ಏರಿಯ ಹುಣಸೇಮರದ ಮೇಲೆ ಊರಿನವರು ಕಟ್ಟಿದ ಕಥೆಗಳನ್ನು ನಂಬಬೇಡಿ. ಆ ಮರ ನನಗೆ ಗೊತ್ತು. ಅದರ ಹುಳಿಯಲ್ಲೇ ಸಾರು ಮಾಡಿದ್ದೇನೆ.

ನಾನು ಓದಿದ್ದು ಕಮ್ಮಿ. ಅಕ್ಷರ ಕೂಡಿಸಿ ಓದೋದಕ್ಕೆ ಬಂದ ವರ್ಷವೇ ಮದುವೆ ಮಾಡಿಬಿಟ್ಟರು. ಮೋಟಾರಿನ ವಿಷಯ ಬರೆಯುತ್ತೀನಿ ಅಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆ ಮೋಟಾರಿನ ಬ್ರೇಕು ಬದಲಾಯಿಸಿದ್ದು ನನ್ನ ಅಂಗಳದಲ್ಲಿ, ನನ್ನ ಒರಳುಕಲ್ಲಿನ ಮೇಲೆ. ಅವರಪ್ಪಂದಿರು ಆಗ ತೊಟ್ಟಿಲಲ್ಲೂ ಇರಲಿಲ್ಲ.

ಆಗ ಯುದ್ಧದ ಕಾಲ. ನಮ್ಮದು ಶ್ರೀನಿವಾಸಪುರದ ಪಕ್ಕದ ಹಳ್ಳಿ. ನಮ್ಮ ಯಜಮಾನರು ಕೋಲಾರದಲ್ಲಿ ಯಾರೋ ಬೇಡವೆಂದು ಬಿಟ್ಟ ಹಳೇ ಮೋಟಾರು ಕಾರೊಂದನ್ನು ಎಳೆದುಕೊಂಡು ಬಂದಿದ್ದರು. ಎಳೆದು ಅಂದರೆ ನಿಜವಾಗಿ ಎಳೆದೇ, ನಮ್ಮ ಎತ್ತುಗಳ ಕೈಲಿ. ಪೆಟ್ರೋಲು ಸಿಗುತ್ತಿದ್ದದ್ದು ಗುಡಿಯ ತೀರ್ಥದಷ್ಟು. ಬ್ರೇಕು ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಅದೂ ಸವೆದು ಹೋಗಿತ್ತು. ಮುಂದಿನ ಚಕ್ರಗಳು ದೇವರ ಮೇಲೆ ಭಾರ ಹಾಕಿ ಓಡುತ್ತಿದ್ದವು.

ಹಾಗೇ ಬಿದ್ದಿದ್ದರೆ ನನಗೇನು, ಕೋಳಿ ಕಾವು ಕೂರುವುದಕ್ಕೆ ಒಳ್ಳೇ ಜಾಗವಾಗಿತ್ತು. ಆದರೆ ಯಲ್ದೂರಿಗೆ ಕೊಟ್ಟಿದ್ದ ನಾದಿನಿ ಪಾಪಮ್ಮ ಚೊಚ್ಚಲ ಬಸುರಿ, ದಿನ ತುಂಬುತ್ತ ಬಂದಿತ್ತು. ಅತ್ತೆ ತೀರಿಕೊಂಡಿದ್ದರು, ಬಾಣಂತನ ನನ್ನ ತಲೆ ಮೇಲೆ. ಇವರು ಬೀಗರ ಮುಂದೆ ಮೀಸೆ ತಿರುವಿಕೊಂಡು, "ನಮ್ಮ ಹುಡುಗೀನ ಮೋಟಾರಲ್ಲೇ ಕರ್ಕೊಂಡು ಹೋಗ್ತೀನಿ" ಅಂತ ಮಾತು ಕೊಟ್ಟು ಬಂದರು. ಅವತ್ತಿನಿಂದ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುವುದಕ್ಕೆ ಶುರುವಾಯಿತು.

ಇಲ್ಲಿ ಮಾವನ ವಿಷಯ ಹೇಳಬೇಕು. ಚಕ್ರದ ಬಗ್ಗೆ ಅವರದು ಒಂದೇ ಶಾಸ್ತ್ರ: ಕಿರುಗುಟ್ಟಬಾರದು. ಗಾಡಿ ಕಿರ್ರೆಂದರೆ ಅವಮಾನ ಎತ್ತಿಗಲ್ಲ, ಯಜಮಾನನಿಗೆ. ಅಚ್ಚಿಗೆ ಎಣ್ಣೆ ಹಾಕೋ ಯೋಗ್ಯತೆ ಇಲ್ಲದೋನು ಅಂತ ಸಂತೆಯಲ್ಲಿ ಆಡಿಕೊಳ್ಳುತ್ತಿದ್ದರು. ಅದಕ್ಕೇ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಕೀಲೆಣ್ಣೆ ಮಾಡಿ, ಬಿದಿರಿನ ಕೊಳವಿಗೆ ತುಂಬಿ, ಗಾಡಿಯ ಕೆಳಗೆ ನೇತುಹಾಕಿರುತ್ತಿದ್ದರು. ರಾಹುಕಾಲ ನೋಡದೆ ಹೊರಟಿದ್ದುಂಟು, ಕೀಲೆಣ್ಣೆ ಹಚ್ಚದೆ ಹೊರಟವರಲ್ಲ. ಗಾಡಿಗೆ ಬ್ರೇಕು ಅಂತ ಬೇರೆ ಎಲ್ಲಿದೆ? ಎತ್ತಿನ ಕತ್ತೇ ಬ್ರೇಕು. ಅದಕ್ಕೆ ಬೇಕಾದ್ದು ಹುರುಳಿ.

ಇವರು ನಂಗಲಿಗೆ ಹೋಗಿ ಲಾರಿಯವನೊಬ್ಬನನ್ನು ಕಾಡಿ ಬೇಡಿ ಬ್ರೇಕಿನ ಪಟ್ಟಿ ತಂದರು. ಒರಟು ನಾರಿನಂಥ ಪಟ್ಟಿ, ಹಳೇ ಕಂಬಳಿ ಒಣಗಿಸಿ ಹಲಗೆ ಮಾಡಿದ ಹಾಗೆ. ನನ್ನ ಒರಳನ್ನು ಹೊತ್ತುಕೊಂಡು ಹೋಗಿ ಮೋಟಾರಿನ ಹೊಟ್ಟೆಗೆ ಆನಿಸಿದರು. ಚಟ್ನಿಗೆ ಎಳ್ಳುನೀರು. ಚಕ್ರ ಬಿಚ್ಚಿದರೆ ಒಳಗೆ ಬೋಗುಣಿಯಂಥ ಡ್ರಮ್ಮು, ಅದರೊಳಗೆ ಅರ್ಧಚಂದ್ರದಂಥ ಎರಡು ಕಬ್ಬಿಣ. ಆ ಕಬ್ಬಿಣಕ್ಕೆ ಪಟ್ಟಿ ಇಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಾಮ್ರದ ಮೊಳೆ ಹೊಡೆದರು. ಸ್ಪ್ರಿಂಗು ಒಂದು ಹಾರಿ ತುಳಸಿಕಟ್ಟೆಯ ಹಿಂದೆ ಬಿತ್ತು. ಹುಡುಕಿಕೊಟ್ಟವಳು ನಾನು. ಬೈಸಿಕೊಂಡವಳೂ ನಾನು.

ಡ್ರಮ್ಮು ಮುಚ್ಚಿ ಕೈಯಲ್ಲಿ ತಿರುಗಿಸಿದರೆ ಕಿರ್ರ್ ಎಂದಿತು. ಜಗಲಿಯಲ್ಲಿದ್ದ ಮಾವ ಎದ್ದು ಕೂತರು.

"ಏನೋ ಅದು ಸದ್ದು?"

"ಹೊಸ ಪಟ್ಟಿ ನಾಯ್ನ, ಉಜ್ಜುತ್ತೆ" ಅಂದರು ಇವರು ಅಪ್ಪನಿಗೆ. "ಉಜ್ಜಿದ್ರೇನೇ ಅದು ನಿಲ್ಲೋದು."

"ಊರ್ಕೋರಾ, ಸುಮ್ನಿರೋ! ಚಕ್ರ ಅಂದ್ಮೇಲೆ ಕಿರುಗುಟ್ಟಬಹುದೇನೋ? ಬಸುರಿ ಹೆಂಗಸನ್ನ ಅಪಶಕುನದ ಗಾಡಿಯಲ್ಲಿ ಕರ್ಕೊಂಡು ಬರ್ತೀಯಾ?"

ಇವರು ಮತ್ತೊಂದು ಸಲ ನೋಡೋಣವೆಂದು ಎರಡು ಡ್ರಮ್ಮನ್ನೂ ಬಿಚ್ಚಿಟ್ಟು ಊಟಕ್ಕೆ ಬಂದರು. ನಾನು ಮುದ್ದೆ ಇಕ್ಕುತ್ತಿದ್ದೆ. ಮಾವ ಮೊದಲೇ ಉಂಡು ಹೊರಗಿದ್ದರು. ಊಟವಾದ ಮೇಲೆ ಇವರು ಮುದ್ದೆಯ ಮಂಪರಿನಲ್ಲಿ ಒಳಗೆ ಇಣುಕದೆ ಡ್ರಮ್ಮು ಮುಚ್ಚಿ ತಿರುಗಿಸಿದರೆ ಸದ್ದೇ ಇಲ್ಲ. "ನೋಡಿದೆಯೇನೇ ನನ್ನ ಕೈಗುಣ!" ಅಂದರು. ನೋಡಿದೆ. ಎಳೇಕೂಸಿನ ಹಾಗೆ ಅಳುತ್ತಿದ್ದದ್ದು ಬಾಯಿ ಮುಚ್ಚಿದರೆ ನನಗೆ ಸಮಾಧಾನ ಆಗುವುದಿಲ್ಲ, ದಿಗಿಲಾಗುತ್ತೆ.

ಸಾಯಂಕಾಲ ಕೆರೆ ಏರಿಯ ಮೇಲಿಂದ ಪರೀಕ್ಷೆ. ಮಾವ ಪೇಟ ಸುತ್ತಿಕೊಂಡು ಇವರ ಪಕ್ಕ ಕೂತರು. ಇವರು ಇಳಿಜಾರಿನ ಬುಡದಲ್ಲಿ ನನ್ನನ್ನು ನಿಲ್ಲಿಸಿ, "ಸರಿಯಾಗಿ ನಿನ್ನ ಮುಂದೆ ಬಂದು ನಿಲ್ಲಿಸ್ತೀನಿ" ಅಂದರು. ನಾನು ಅಷ್ಟೊಂದು ನಂಬಿಕೆಯ ಹೆಂಗಸಲ್ಲ. ಎರಡು ಮಾರು ಪಕ್ಕಕ್ಕೆ ಸರಿದು ನಿಂತೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೀನಿ.

ಮೋಟಾರು ಬಂತು. ನಿಲ್ಲಲಿಲ್ಲ. ಇವರು ಪೆಡಲು ತುಳಿಯುತ್ತ, "ನಿಲ್ತಾ ಇಲ್ಲ ಕಣೇ!" ಅಂತ ನನಗೇ ದೂರು ಹೇಳುತ್ತ ನನ್ನನ್ನು ದಾಟಿ ಹೋದರು. ಮಾವ "ಹೋ! ಹೋ!" ಅಂತ ಎತ್ತಿಗೆ ಹೇಳುವ ಹಾಗೆ ಹೇಳುತ್ತಿದ್ದರು. ರಾಗಿ ಹುಲ್ಲಿನ ಬಣವೆಯೊಂದು ಅಡ್ಡ ಸಿಕ್ಕಿತು, ಬದುಕಿದರು. ಮಾವ ಪೇಟದ ತುಂಬ ಹುಲ್ಲು ಹೊತ್ತು ಇಳಿದು, "ಎಷ್ಟು ನುಣ್ಣಗೆ ಹೋಯ್ತು ನೋಡಮ್ಮಾ! ಸದ್ದೇ ಇಲ್ಲ. ಕೀಲೆಣ್ಣೆ ನಾನೇ ಹಚ್ಚಿದ್ದು, ಒಳಗೂ ಹೊರಗೂ" ಅಂದರು.

ಇವರು ತಲೆ ಮೇಲೆ ಕೈಹೊತ್ತು ಕೂತರು. ಹೆತ್ತ ತಂದೆಯನ್ನು ಏನಂತ ಬೈಯುವುದು? ನಾನು ಅವರಿಬ್ಬರನ್ನೂ ನೋಡಲಿಲ್ಲ, ಖಾಲಿ ಇದ್ದ ಹಿಂದಿನ ಸೀಟನ್ನು ನೋಡಿದೆ. ನಾಳೆ ಅಲ್ಲಿ ಪಾಪಮ್ಮ ಕೂತಿರಬೇಕಿತ್ತು, ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು. ಯಲ್ದೂರಿನ ದಾರಿಯಲ್ಲಿ ಕೆರೆ ಏರಿಗಳು ಬೇಕಾದಷ್ಟಿವೆ. ಏರಿಗೊಂದು ಬಣವೆ ಯಾರು ಒಟ್ಟಿರುತ್ತಾರೆ?

"ಸೀಮೆಎಣ್ಣೆಯಲ್ಲಿ ತೊಳೆದ್ರೆ ಬೆಳಗ್ಗೆಗೆ ಸರಿಹೋಗುತ್ತೆ" ಅಂದರು ಇವರು.

"ನಿಮ್ಮ ಪಂಚೆಗೆ ಹತ್ತಿದ ಕೀಲೆಣ್ಣೆ ಯಾವತ್ತಾದ್ರೂ ಹೋಗಿದೆಯಾ? ಒಗೆಯೋಳು ನಾನು" ಅಂದೆ. "ಪಟ್ಟಿ ಕುಡಿದುಬಿಟ್ಟಿದೆ. ಇನ್ನೊಂದು ತನ್ನಿ."

ಈಗ ಯೋಚನೆ ಮಾಡಿದರೆ ಮಾವನ ಮೇಲೆ ಸಿಟ್ಟಿಲ್ಲ. ಓಡುವುದಕ್ಕೆ ಎಣ್ಣೆ ಬೇಕು ಅನ್ನೋದು ಅವರಿಗೆ ಗೊತ್ತಿತ್ತು, ನಿಲ್ಲುವುದಕ್ಕೆ ಒಣಗಿರಬೇಕು ಅನ್ನೋದು ಗೊತ್ತಿರಲಿಲ್ಲ. ಸಂಸಾರವೂ ಹಾಗೇ. ಎಲ್ಲರೂ ನುಣ್ಣಗೆ ಮಾತಾಡಿದರೆ ಮನೆ ಇಳಿಜಾರಿನಲ್ಲಿ ಹೋಗುತ್ತಲೇ ಇರುತ್ತೆ. ಕಿರ್ರ್ ಅನ್ನೋದು ಒಂದಾದರೂ ಇರಬೇಕು. ನಮ್ಮ ಮನೆಯಲ್ಲಿ ಅದು ನಾನು, ಅದಕ್ಕೆ ನನಗೆ ಯಾವ ಬೇಜಾರೂ ಇಲ್ಲ.

ಮಾರನೇ ದಿನ ಬೆಳಗ್ಗೆ ಎದ್ದು ಗಾಡಿಗೆ ಮೊಣಕಾಲುದ್ದ ಹುಲ್ಲು ಹಾಸಿ, ಮೇಲೆ ಎರಡು ಕಂಬಳಿ ಹೊದಿಸಿದೆ. "ಮಾವ, ಕೀಲೆಣ್ಣೆ ಹಚ್ಚಿ, ನಾವಿಬ್ರೂ ಯಲ್ದೂರಿಗೆ ಹೋಗಿ ಪಾಪಮ್ಮನ್ನ ಕರ್ಕೊಂಡು ಬರೋಣ" ಅಂದೆ. ಅವರು ಖುಷಿಯಾಗಿ ಹಚ್ಚಿದರು. ಇವರು ಅಂಗಳದಲ್ಲಿ ಮತ್ತೆ ಬ್ರೇಕು ಬಿಚ್ಚಿಕೊಂಡು ಕೂತಿದ್ದರು. ಹೊರಡುವ ಮುಂಚೆ, ಬ್ರೇಕು ಬಿಚ್ಚಿರೋ ಮನೆಯಲ್ಲಿ ಎಣ್ಣೆ ಬಿಡಬಾರದು ಅಂತ, ಅಡುಗೆಮನೆಯಲ್ಲಿದ್ದ ಹರಳೆಣ್ಣೆ ಬುಡ್ಡಿಯನ್ನೂ ತಂದು ಗಾಡಿಯಲ್ಲಿ ನನ್ನ ಮಡಿಲಲ್ಲೇ ಇಟ್ಟುಕೊಂಡೆ.