ಅವ್ವ ಉಜ್ಜಿ ಅಳಿಸಿದ ಗೆರೆ

ಗೆಳೆಯರೇ, ಇವತ್ತು ಅವ್ವನನ್ನು ಎದೆಯ ಗಡ್ಡೆಯ ರೇಡಿಯೇಷನ್‌ಗೆಂದು ಗುಂಡ್ಲುಪೇಟೆಯಿಂದ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಮಿಷನ್ ಕೋಣೆಯ ಹುಡುಗಿ ಓಡಿ ಬಂದಳು. "ಮೇಡಂ, ಅಜ್ಜಿ ಎದೆ ಮೇಲೆ ಹಾಕಿದ್ದ ಗೆರೆನೇ ಇಲ್ವಲ್ಲ!"

ಕಿರಣ ಎಲ್ಲಿ ಬೀಳಬೇಕೆಂದು ತೋರಿಸುವ ಗೆರೆ ಅದು.

ಎಪ್ಪತ್ತೆರಡರ ಅವ್ವ ತಲೆ ತಗ್ಗಿಸಿದಳು. "ಇವತ್ತು ಸುಕ್ರವಾರ ಕಣವ್ವ, ಎಣ್ಣೆ ನೀರು ಹಾಕ್ಕಂಡೆ. ಡಾಕ್ಟ್ರ ಮುಂದ್ಕೆ ಮೈಗೆಲ್ಲ ಇಂಕು ಬಳ್ಕಂಡು ಓಗದಾ? ಸೀಗೆಪುಡೀಲಿ ಉಜ್ಬುಟ್ಟೆ."

ಗೆರೆಯನ್ನು ಹೊಸದಾಗಿ ಹಾಕಬೇಕು, ಇನ್ನು ಸೋಮವಾರವೇ ಬನ್ನಿ ಎಂದರು. ಚಿಕಿತ್ಸೆಯಿಲ್ಲದೆ ವಾಪಸ್ ಬಸ್ಸು ಹತ್ತಿದೆವು. ಬೇಗೂರು ದಾಟಿದರೂ ಅವ್ವ ನನ್ನ ಕೈ ಬಿಡಲಿಲ್ಲ.

"ಅಲ್ಲೀಗಂಟ ಆ ಗಡ್ಡೆ ಸುಮ್ಕಿದ್ದದಾ ಮಗ?"

"ಇರ್ತದೆ ಕಣವ್ವ" ಅಂದುಬಿಟ್ಟೆ.

ಗಡ್ಡೆಯನ್ನು ಒಂದು ಮಾತೂ ಕೇಳದೆ, ಅದರ ಪರವಾಗಿ ಭಾಷೆ ಕೊಟ್ಟು ಕೂತಿದ್ದೇನೆ.